ಏಳನೆಯ ಲಕೋಟೆ

ಡಿಸೆಂಬರ್ 11

ನನ್ನ ಭೂತಗನ್ನಡಿಗೆ,

ಅಮ್ಮನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೀತಿದ್ದೀನಿ, ಮುಖ ಊದಿಸ್ಕೋಬೇಡ. ಊರವರ ಕಾಗದಗಳನ್ನೆಲ್ಲ ಬೆಳಗಿಂದ ಸಂಜೆವರೆಗೆ ಇಂಗ್ಲಿಷಿಗೆ ಅನುವಾದ ಮಾಡೋಳಿಗೆ ಹೆತ್ತ ಮಗಳಿಗೆ ನಾಲ್ಕು ಸಾಲು ಬರೆಯೋಕೆ ಪುರುಸೊತ್ತಿಲ್ಲ ಅಂದ್ರೆ ಯಾರು ನಂಬ್ತಾರೆ? ನಿನ್ನ ಅಪ್ಪ ಅಂತೂ ನಂಬಲಿಲ್ಲ. "ಬರೆಯೋಕೇನು ಹೆದರಿಕೆ, ಕಾಗದ ಕಚ್ಚುತ್ತಾ?" ಅಂದರು. ಹೆದರಿಕೆ ಅಂತ ನಾನು ಬಾಯಿ ಬಿಟ್ಟಿರಲಿಲ್ಲ. ಇಪ್ಪತ್ತೈದು ವರ್ಷ ಜೊತೆಗಿದ್ದ ಮೇಲೆ ಹೇಳದೆಯೇ ಗೊತ್ತಾಗುತ್ತೇನೋ.

ಮೊದಲು ನೀನು ಕಾಯ್ತಿರೋ ಸುದ್ದಿ. ಏಳೂ ಲಕೋಟೆ ಹೋದವು. ಸೋಮವಾರ ಅಂಚೆ ಕಚೇರಿ ಬಾಗಿಲು ತೆಗೆಯೋ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ನಿಂತಿದ್ದೆ, ಚೀಲ ಎದೆಗವಚಿಕೊಂಡು. ಕೌಂಟರಿನ ಗುಮಾಸ್ತ ಒಂದೊಂದನ್ನೇ ತೂಕಕ್ಕಿಟ್ಟು, "ಏಳೂ ಅಮೆರಿಕಕ್ಕಾ ಅಮ್ಮಾ? ಎಷ್ಟು ಮಕ್ಕಳು ನಿಮಗೆ?" ಅಂದ. ಒಬ್ಬಳೇ ಅಂದೆ. "ಒಬ್ಬಳಿಗೆ ಏಳು ಅರ್ಜಿಯಾ!" ಅಂದ. ಏಳು ಕಡೆ ಕೇಳಿದ್ರೆ ಒಂದು ಕಡೆಯಾದ್ರೂ ಕರೀತಾರಂತೆ ಅಂತ ನೀನು ನನಗೆ ಹೇಳಿಕೊಟ್ಟಿದ್ದನ್ನೇ ಅವನಿಗೆ ಒಪ್ಪಿಸಿದೆ. ಅವನು ಧಡ್ ಧಡ್ ಅಂತ ಮುದ್ರೆ ಹೊಡೆದು, ಹಿಂದಿದ್ದ ಗೋಣಿಚೀಲಕ್ಕೆ ಎಸೆದ. ಎಸೆದ ಕಣೇ, ಇಡಲಿಲ್ಲ! ನೀನು ಎರಡು ವರ್ಷ ನಿದ್ದೆಗೆಟ್ಟು ಓದಿದ್ದೆಲ್ಲ ಅದರೊಳಗಿದೆ ಅಂತ ಅವನಿಗೇನು ಗೊತ್ತು. ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ, ಚೀಲದ ಬಾಯಿ ಕಟ್ಟಿದ್ದಾರಾ ಅಂತ ಬಗ್ಗಿ ನೋಡಿ ಬಂದೆ.

ನಿನ್ನ ಅಪ್ಪನ ಉತ್ಸಾಹ ನೋಡಬೇಕು. ಅಂಗಡಿಯಲ್ಲಿ ಕನ್ನಡಕಕ್ಕೆ ಅಂತ ಬಂದವರನ್ನ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, "ಕೆಳಗಿನ ಸಾಲು ಓದಿ... ನನ್ನ ಮಗಳು ಬೆಳಕಿನ ವಿಷಯದಲ್ಲೇ ಡಾಕ್ಟರೇಟ್ ಮಾಡೋಕೆ ಹೋಗ್ತಾಳೆ... ಈಗ ಇನ್ನೊಂದು ಕಣ್ಣು" ಅಂತಾರಂತೆ. ಆ ಏಳು ಯೂನಿವರ್ಸಿಟಿಗಳ ಹೆಸರು ಅವರ ಬಾಯಲ್ಲಿ ಹೊರಳಲ್ಲ. ಅದಕ್ಕೆ ನೀನು ಬಿಟ್ಟು ಹೋದ ಪುಸ್ತಿಕೆಗಳ ಮುಖಪುಟ ನೋಡಿ ತಾವೇ ನಾಮಕರಣ ಮಾಡಿದ್ದಾರೆ. ಗಡಿಯಾರದ್ದು, ಕೆಂಪಿಟ್ಟಿಗೆದು, ಕೆರೆದು, ಹಿಮದ್ದು, ದೊಡ್ಡಗುಡ್ಡದ್ದು, ಚಿಕ್ಕಗುಡ್ಡದ್ದು, ಕೊನೆಯದು ಅಳಿಲಿನದು. ಈ ಅಳಿಲಿನದು ನನಗೆ ಯಾಕೋ ಸರಿ ಕಾಣಲಿಲ್ಲ. ಮುಖಪುಟಕ್ಕೆ ಹಾಕೋಕೆ ಓದೋ ಹುಡುಗರು ಒಬ್ಬರೂ ಸಿಗಲಿಲ್ಲವಾ ಅವರಿಗೆ?

ನಿನ್ನ ಬಿ.ಎಸ್ಸಿ. ಮೇಷ್ಟ್ರು ಹೋದ ವಾರ ನನ್ನ ಆಫೀಸಿಗೆ ಬಂದಿದ್ದರು. ಆಫೀಸು ಅಂದ್ರೆ ನಿನಗೆ ಗೊತ್ತಲ್ಲ, ಕೋರ್ಟಿನ ಎದುರು ಸ್ಟೇಷನರಿ ಅಂಗಡಿ ಮೇಲಿನ ಅದೇ ಗೂಡು. ಮೂವತ್ತೊಂದು ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ, ನಿನಗಾಗಿ ಬರೆದ ಶಿಫಾರಸು ಪತ್ರ ಕೈಗೆ ಕೊಟ್ಟರು. ಎರಡು ಪುಟ, ಮುತ್ತಿನಂಥ ಅಕ್ಷರ, ನಮ್ಮ ಭಾಷೆಯಲ್ಲಿ. "ಹೊಗಳೋದು, ಬೈಯೋದು ಎರಡೂ ಸ್ವಂತ ಭಾಷೆಯಲ್ಲೇ ಆಗಬೇಕು. ಇಂಗ್ಲಿಷಿನಲ್ಲಿ ಹೊಗಳಿದ್ರೆ ಅಂಗಿ ಬಾಡಿಗೆಗೆ ತಂದ ಹಾಗಿರುತ್ತೆ" ಅಂದರು. ನೀನು ಈಗ ಎಂ.ಎಸ್ಸಿ. ಓದ್ತಿರೋ ಕಡೆಯ ಪ್ರೊಫೆಸರುಗಳು ಇಬ್ಬರು ತಲಾ ಐದು ಸಾಲು ಗೀಚಿ ಕೊಟ್ಟು ಕೈತೊಳ್ಕೊಂಡರು ಅಂತ ಬರೆದಿದ್ದೆ. ನಿನ್ನನ್ನ ಮೂರು ವರ್ಷ ಹತ್ತಿರದಿಂದ ನೋಡಿದವರು ಮೇಷ್ಟ್ರೊಬ್ಬರೇ, ಎಲ್ಲಾ ಅವರ ಕಾಗದದ ಮೇಲೇ ನಿಂತಿದೆ ಅಂತ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ. ನೋಡಿದ್ದೀನಿ ಆ ಗೆರೆಗಳನ್ನ.

ಅನುವಾದ ಮಾಡಿ, ಮೂಲದ ಜೊತೆ ಏಳು ಪ್ರತಿ ತೆಗೆದು, ಏಳಕ್ಕೂ 'ಮೂಲಕ್ಕೆ ಸರಿಯಾದ ಅನುವಾದ' ಅನ್ನೋ ನನ್ನ ದುಂಡು ಮುದ್ರೆ ಒತ್ತಿದೆ. ಮೇಷ್ಟ್ರು ಲಕೋಟೆಯ ಅಂಟಿನ ಮೇಲೆ ಅಡ್ಡವಾಗಿ ಸಹಿ ಹಾಕಿದರು. ವಿದ್ಯಾರ್ಥಿ ಅದನ್ನ ನೋಡೋ ಹಾಗಿಲ್ಲ ಅಂತ ಅವರ ನಿಯಮವಂತೆ, ಆದ್ದರಿಂದ ಏನಿತ್ತು ಅಂತ ಕೇಳಬೇಡ.

"ಅಮ್ಮ, ನನ್ನದಕ್ಕೂ ಇಸ್ತ್ರಿ ಹಾಕ್ತೀಯಲ್ಲ?" ಅಂತ ಕೇಳಿದ್ದೀಯ. ಆ ಪ್ರಶ್ನೆ ಓದಿ ನಗು ಬಂತು. ನನಗೆ ಕೆಲಸ ಕಲಿಸಿದ ಆ ಮುದುಕ ಗುರುಗಳು ಹೇಳ್ತಿದ್ದ ಮಾತು ನೀನು ಎಂಟು ವರ್ಷದವಳಿದ್ದಾಗಲೇ ಬಾಯಿಪಾಠ ಮಾಡಿದ್ದೆ, "ಬಟ್ಟೆ ಬದಲಾಯಿಸಬಾರದು, ಇಸ್ತ್ರಿ ಹಾಕದೆ ಕಳಿಸಬಾರದು." ನಮ್ಮಲ್ಲಿ 'ವಿಧೇಯ ಹುಡುಗಿ' ಅಂದ್ರೆ ದೊಡ್ಡ ಹೊಗಳಿಕೆ. ಅಲ್ಲಿನವರು ಅದನ್ನ ಓದಿದ್ರೆ, ಓಹೋ ಇವಳಿಗೆ ಸ್ವಂತ ಬುದ್ಧಿ ಇಲ್ಲ ಅಂತಾರೆ. ಅದಕ್ಕೆ ನಮ್ಮ ಕಸುಬಿನವರೆಲ್ಲ 'ಜವಾಬ್ದಾರಿ ಅರಿತವಳು' ಅಂತ ಮಾಡ್ತೀವಿ. 'ನಿಧಾನ' ಅಂತಿದ್ರೆ 'ಆಳಕ್ಕೆ ಇಳಿಯುವವನು'. ಒಬ್ಬ ಹೆಡ್‌ಮಾಸ್ಟರು ಯಾರದ್ದೋ ಬಗ್ಗೆ 'ಇವನಿಂದ ನಮಗೇನೂ ತೊಂದರೆಯಾಗಿಲ್ಲ' ಅಂತ ಒಂದೇ ಸಾಲು ಬರೆದಿದ್ದರಲ್ಲ, ಅದನ್ನ ನಾನು ಅರ್ಧ ಪುಟ ಮಾಡಿದೆ, ಅವನು ಇವತ್ತು ಅಲ್ಲಿ ಸೇತುವೆ ಕಟ್ಟಿಸ್ತಿದ್ದಾನೆ. ಊರವರ ಮಕ್ಕಳಿಗೆಲ್ಲ ಹಾಕಿದವಳನ್ನ, ನನ್ನದಕ್ಕೆ ಹಾಕ್ತೀಯಾ ಅಂತ ಕೇಳೋದೇ? ಹೆತ್ತ ತಾಯಿಯನ್ನ ಕೇಳೋ ಪ್ರಶ್ನೆಯಾ ಅದು?

ನನ್ನ ವಿಷಯ ಕೇಳಿದ್ದೆ. ಹೇಳಿದ್ರೆ ನಗ್ತೀಯ. ಹಗ್ಗ ಕಂಡರೂ ಹಾವು ಅಂತ ಎಗರೋ ಜಾತಿ ನಂದು. ಹಿಮದ್ದರ ಪುಸ್ತಿಕೆಯಲ್ಲಿ ಸೊಂಟದವರೆಗೆ ಹಿಮದಲ್ಲಿ ನಿಂತು ನಗ್ತಿರೋ ಹುಡುಗಿಯ ಫೋಟೋ ಇದೆಯಲ್ಲ, ಅವಳನ್ನ ಆಮೇಲೆ ಯಾರು ಎಳೆದು ತೆಗೆದರು ಅಂತಲೇ ನನಗೆ ಯೋಚನೆ. ಹಾಸ್ಟೆಲಿನ ಮೊದಲ ವರ್ಷ ನಿನಗೆ ಟೈಫಾಯ್ಡ್ ಆಯ್ತು. ನನಗೆ ಗೊತ್ತಾಗಿದ್ದು ಆರು ದಿನ ಆದ ಮೇಲೆ. ಬಸ್ಸಿನಲ್ಲಿ ಐದು ಗಂಟೆ ದೂರ ಅಷ್ಟೇ, ಅಷ್ಟರಲ್ಲೇ ಆರು ದಿನ. ನಾನು ಬಂದಾಗ ನೀನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನಾನು ಕರೆದಾಗ ಯಾರು ಅಂತ ಕೇಳಿದೆ. ಆ 'ಯಾರು' ಇನ್ನೂ ಕಿವಿಯಲ್ಲೇ ಇದೆ. ಅಮೆರಿಕ ಎಷ್ಟು ದೂರ, ಅಲ್ಲಿಂದ ಸುದ್ದಿ ಬರೋಕೆ ಎಷ್ಟು ದಿನ ಅಂತ ಲೆಕ್ಕ ಹಾಕೋಕೆ ಹೋಗಿ ಅರ್ಧಕ್ಕೇ ಬಿಟ್ಟೆ.

ಅದಿರಲಿ. ನೀನು ಓದು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಅಮ್ಮ

ತಾ.ಕ.: ಅಪ್ಪ ನಿನಗೆ ಇನ್ನೊಂದು ಜೊತೆ ಕನ್ನಡಕ ಮಾಡಿಟ್ಟಿದ್ದಾರೆ. ಸೀಟು ಸಿಗೋ ಮೊದಲೇ ಯಾಕೆ ಅಂದ್ರೆ, ಅಲ್ಲಿ ಒಡೆದುಹೋದ್ರೆ ಯಾರನ್ನ ಕೇಳ್ತಾಳೆ ಅಂತ ನನ್ನನ್ನೇ ಗದರಿದರು.


ಮಾರ್ಚ್ 24

ಭೂತಗನ್ನಡಿ,

ಕ್ಷೇಮವಾ? ತಡವಾಯ್ತು, ಗೊತ್ತು. ಒಂದಾದ್ರೂ ಒಳ್ಳೆ ಸುದ್ದಿ ಬರಲಿ, ಅದರ ಜೊತೆ ಕೆಟ್ಟದ್ದನ್ನೂ ಸೇರಿಸಿ ಕಳಿಸೋಣ ಅಂತ ಕಾದೆ. ಬರಲಿಲ್ಲ. ಹಾಸ್ಟೆಲಿಗೆ ಫೋನ್ ಮಾಡೋಣ ಅಂದ್ರೆ ಆ ವಾರ್ಡನ್ ಪಕ್ಕದಲ್ಲೇ ಕೂತು ಕೇಳಿಸ್ಕೊತಾರೆ, ಅವರೆದುರು ಅಳೋಕೂ ಆಗಲ್ಲ ನಿನಗೆ. ಇದರ ಜೊತೆ ಐದು ಕಾಗದ ಇಟ್ಟಿದ್ದೀನಿ. ಐದೂ ತೆಳು ಲಕೋಟೆ. ದಪ್ಪ ಬಂದ್ರೆ ಸೀಟು, ತೆಳು ಬಂದ್ರೆ ಇಲ್ಲ ಅಂತ ನೀನೇ ಹೇಳಿದ್ದೆಯಲ್ಲ, ಒಡೆಯೋ ಮೊದಲೇ ಗೊತ್ತಾಗ್ತಿತ್ತು. ಗಡಿಯಾರದ್ದು, ಕೆಂಪಿಟ್ಟಿಗೆದು, ಹಿಮದ್ದು, ಗುಡ್ಡಗಳೆರಡೂ. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಬರೆದ ಹಾಗೆ, ತುಂಬಾ ವಿಷಾದದಿಂದ, ಅತ್ಯಂತ ಯೋಗ್ಯರು ಬಹಳ ಜನ ಇದ್ದದ್ದರಿಂದ... ನೀನೇ ಓದ್ಕೋ.

ನನ್ನ ಅವಸ್ಥೆ ಹೇಳ್ತೀನಿ. ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದ್ರೆ ಸಾಕು, ಕೈಯಲ್ಲಿದ್ದದ್ದು ಬಿಟ್ಟು ಕಿಟಕಿಗೆ ಓಡ್ತೀನಿ. ಅದಕ್ಕೆಂದೇ ಈಗ ಆಫೀಸಿಗೆ ಹನ್ನೊಂದರ ಮೇಲೆ ಹೋಗ್ತೀನಿ. ಕಿಟಕಿ ಪರದೆ ಸರಿಸಿ, ಕಣ್ಣಷ್ಟೇ ಕಾಣೋ ಹಾಗೆ ನಿಂತಿರ್ತೀನಿ. ಮೊನ್ನೆ ಅವನು ಸೈಕಲ್ ನಿಲ್ಲಿಸಿ, "ಅಮ್ಮಾ, ನಾನೇನು ವಾರಂಟ್ ತಂದಿದ್ದೀನಾ? ಬಾಗಿಲು ತೆಗೀರಿ" ಅಂದ. ನಕ್ಕೆ. ನಗೋಕೆ ಹೋದ್ರೆ ಮುಖ ಏನೇನೋ ಆಯ್ತು, ಅವನು ಕಾಗದ ಕೊಟ್ಟು ಸೈಕಲ್ ಹತ್ತಿದ.

ನಿನ್ನ ಅಪ್ಪ ಮಾತ್ರ ಒಂದೊಂದು ತೆಳು ಲಕೋಟೆ ಬಂದಾಗಲೂ ಆಯಾ ಪುಸ್ತಿಕೆ ತೆಗೆದು, "ಈ ಗಡಿಯಾರ ಸರಿಯಿಲ್ಲ, ನಾನು ಮೊದಲೇ ಹೇಳಿರಲಿಲ್ವಾ ಐದು ನಿಮಿಷ ಹಿಂದಿದೆ ಅಂತ" ಅನ್ನೋರು. ಹಿಮದ್ದು ಬಂದಾಗ, "ಹೋಗಲಿ ಬಿಡು, ನೆಗಡಿ ತಪ್ಪಿತು" ಅಂದರು. ಐದನೇದು ಬಂದ ದಿನ ಪುಸ್ತಿಕೆ ತೆಗೀಲಿಲ್ಲ. ಅಂಗಡಿಗೆ ಹೋಗೋವಾಗ ಊಟದ ಡಬ್ಬಿ ಮರೆತು ಹೋದರು.

ಇನ್ನೊಂದು ಸುದ್ದಿ, ನಿನಗೆ ಆಗಲೇ ಗೊತ್ತಾಗಿರುತ್ತೆ. ನಿನ್ನ ಜೊತೆ ಬಿ.ಎಸ್ಸಿ. ಮಾಡಿದ ಬಟ್ಟೆ ಅಂಗಡಿಯವರ ಮಗಳು, ಅದೇ ನಿಮ್ಮ ಉದ್ದಜಡೆ, ಅವಳಿಗೆ ಗಡಿಯಾರದ್ದರಲ್ಲೇ ಸೀಟು ಸಿಕ್ಕಿದೆ. ತಾಯಿ ಮಗಳು ಇಬ್ಬರೂ ಮೆಟ್ಟಿಲು ಹತ್ತಿ ಬಂದರು. ಅವಳಿಗೂ ಮೇಷ್ಟ್ರೇ ಕಾಗದ ಕೊಟ್ಟಿದ್ದು, ನಾನೇ ಅನುವಾದ ಮಾಡಿದ್ದು, ನಿನ್ನದು ಮಾಡಿದ ವಾರವೇ. ಆ ತಾಯಿ ನನ್ನ ಎರಡೂ ಕೈ ಹಿಡ್ಕೊಂಡು, "ನಿಮ್ಮ ಕೈಗುಣ ಕಣ್ರೀ, ನಿಮ್ಮ ಕೈಗುಣ" ಅಂತ ಕಣ್ಣಿಗೊತ್ತಿಕೊಂಡರು. ಕೈ ಬಿಡಿಸ್ಕೊಳ್ಳೋದು ಹೇಗೆ ಅಂತ ಗೊತ್ತಾಗದೆ, ಬಾಗಿಲಲ್ಲಿ ಯಾರೋ ಬಂದಿದ್ದಾರೆ ಅಂದೆ. ಯಾರೂ ಬಂದಿರಲಿಲ್ಲ.

ಮೇಷ್ಟ್ರು ರಸ್ತೆಯಲ್ಲಿ ಸಿಕ್ಕಿದ್ದರು. ಕಂಡ ಕೂಡಲೇ ಔಷಧಿ ಅಂಗಡಿಯೊಳಗೆ ನುಗ್ಗಿದೆ, ಅವರೂ ಹಿಂದೆಯೇ ಬಂದರು. "ನನ್ನ ಕಾಗದದಲ್ಲೇ ಏನೋ ಕಡಿಮೆಯಾಗಿದೆ ಅಮ್ಮ. ಇಬ್ಬರಿಗೂ ಒಂದೇ ಮನಸ್ಸಿನಿಂದ ಬರೆದೆ. ಇವಳು ಅವಳಿಗಿಂತ ಹತ್ತು ಪಾಲು ಮೇಲು. ಅವಳಿಗೆ ಸಿಕ್ತು, ಇವಳಿಗೆ ಯಾಕಿಲ್ಲ? ನನಗೆ ಹೊಗಳೋಕೆ ಬರಲ್ಲ, ಅದೇ ತಪ್ಪಾಯ್ತು" ಅಂದರು. ಕನ್ನಡಕ ತೆಗೆದು ಒರೆಸಿದರು, ಹಾಕ್ಕೊಂಡರು, ಮತ್ತೆ ತೆಗೆದು ಒರೆಸಿದರು. ನಿಮ್ಮದೇನೂ ತಪ್ಪಿಲ್ಲ ಮೇಷ್ಟ್ರೇ ಅಂದೆ. "ಹಾಗಾದ್ರೆ ಯಾರದು?" ಅಂದರು, ಸುಮ್ಮನೆ, ಕೇಳೋ ಹಾಗೆ. ಬೇಡದ ಕೆಮ್ಮಿನ ಔಷಧಿ ಒಂದು ಬಾಟಲಿ ಕೊಂಡು ಮನೆಗೆ ಬಂದೆ.

ಮೊದಲ ಮೂರೂ ತೆಳು ಬಂದವು ಅಂತ ಅಪ್ಪ ಹಾಕಿದ ಕಾರ್ಡಿಗೆ ನೀನು ಬರೆದ ಉತ್ತರ ನನ್ನ ದಿಂಬಿನ ಕೆಳಗಿದೆ. ಎರಡು ಸಲ ಓದಿದೆ, ಮೂರನೇ ಸಲ ಆಗಲಿಲ್ಲ. "ನಾನು ಅಂದುಕೊಂಡಷ್ಟು ಬುದ್ಧಿವಂತೆ ಅಲ್ಲವೇನೋ ಅಮ್ಮ. ಇಲ್ಲಿಯವರು ಮುಖ ನೋಡಿ ಹೊಗಳ್ತಿದ್ದರು, ಮುಖ ನೋಡದವರು ನಿಜ ಹೇಳಿದರು" ಅಂತ ಬರೆದಿದ್ದೀಯ. ಹಾಗನ್ನಬೇಡ. ದೇವರಾಣೆಗೂ ಹಾಗಲ್ಲ. ನಿನಗೆ ಏನು ಹೇಳಿದ್ರೂ ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀಯ, ಹೇಗೆ ನಂಬಿಸಲಿ? ನೀನು ಐದು ವರ್ಷದವಳಿದ್ದಾಗ ಅಪ್ಪನ ಅಂಗಡಿಯ ಮಸೂರ ಹಿಡಿದು ನನ್ನ ಕೆನ್ನೆ ನೋಡಿ, "ಅಮ್ಮ, ನಿನ್ನ ಮುಖದಲ್ಲಿ ಎಷ್ಟೊಂದು ತೂತು!" ಅಂದಿದ್ದೆ. ಇದ್ದದ್ದನ್ನ ಇದ್ದ ಹಾಗೆ ಕಂಡು ಹೇಳೋ ಕಣ್ಣು ನಿನ್ನದು. ಈಗ ಅದೇ ಕಣ್ಣಿಗೆ ಸುಳ್ಳು ಕಾಣ್ತಿದೆ, ನೀನು ನಂಬ್ತಿದ್ದೀಯ.

ಕೆರೆದು, ಅಳಿಲಿನದು, ಎರಡು ಬಾಕಿ ಇವೆ. ಧೈರ್ಯವಾಗಿರು. ಧೈರ್ಯ ಅಂತ ಬರೆಯೋಕೆ ನನಗೇನು ಯೋಗ್ಯತೆ ಅಂತ ಕೇಳಬೇಡ.

ನಿನ್ನ,
ಅಮ್ಮ


ಏಪ್ರಿಲ್ 17

ನನ್ನ ಕಂದನಿಗೆ,

ಅಮ್ಮನ ಸಾವಿರ ಆಶೀರ್ವಾದ. ಈ ಸಲ ಕಾಗದ ಟಪಾಲಿನಲ್ಲಿ ಹಾಕ್ತಿಲ್ಲ, ಅಪ್ಪನ ಕೈಯಲ್ಲೇ ಕಳಿಸ್ತಿದ್ದೀನಿ. ಮಧ್ಯಾಹ್ನ ಒಂದು ಗಂಟೆಯ ಬಸ್ಸಿಗೆ ಹೊರಟಿದ್ದಾರೆ, ಸಂಜೆ ನಿನ್ನ ಹಾಸ್ಟೆಲ್ ಬಾಗಿಲಲ್ಲಿರ್ತಾರೆ. ಅವರನ್ನ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀವಿ. ವಿಷಯ ಏನು ಅಂದ್ರೆ, ಕೆರೆದು ಹೋದ ತಿಂಗಳ ಕೊನೆಗೆ ಬಂತು, ಅದೂ ತೆಳು. ಅಳಿಲಿನದು ಬಂದಿದೆ. ಟಪಾಲಿನವರ ನಿಧಾನ ಗೊತ್ತಲ್ಲ, ಎಲ್ಲೆಲ್ಲೋ ತಿರುಗಿ ನಿನ್ನೆ ಕೈ ಸೇರಿತು.

ಇದು ದಪ್ಪವೂ ಅಲ್ಲ, ತೆಳುವೂ ಅಲ್ಲ. ಒಳಗೆ ಎರಡು ಹಾಳೆ. ಸೀಟು ಕೊಟ್ಟಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಅಲ್ಲಿನ ಒಬ್ಬ ಪ್ರೊಫೆಸರಮ್ಮ ತಾನೇ ಕೈಯಾರೆ ಬರೆದಿದ್ದಾಳೆ. ಮೂಲ ಇದರ ಜೊತೆಗಿದೆ, ನೀನೇ ಓದು, ಆದರೂ ನನ್ನ ಚಾಳಿ, ಹೇಳ್ತೀನಿ. ಶಿಫಾರಸಿನಲ್ಲಿ ಇದ್ದದ್ದನ್ನ ವಿದ್ಯಾರ್ಥಿಗೆ ಹೇಳಬಾರದು, ನಿಯಮ ಮುರೀತಿದ್ದೀನಿ ಅಂತಲೇ ಶುರು ಮಾಡಿದ್ದಾಳೆ. ನಿನ್ನ ಅಂಕ, ನಿನ್ನ ಬರಹ ಎಲ್ಲಾ ಹಿಡಿಸಿತಂತೆ. ನಿನ್ನ ಹಳೇ ಮೇಷ್ಟ್ರ ಪತ್ರ ಮಾತ್ರ ಹೊಗಳಿಕೆಯೋ ದೂರೋ ತಿಳಿಯದೆ, ಸಮಿತಿಯಲ್ಲಿ ಹೆಚ್ಚಿನವರು ಬೇಡ ಅಂದರಂತೆ. ಆದರೆ ಅದರಲ್ಲಿನ ಒಂದು ಸಾಲು ಅವಳನ್ನ ಬಿಡ್ತಿಲ್ಲವಂತೆ. "ಒಮ್ಮೆ ಅಪ್ಪಣೆಯಿಲ್ಲದೆ ಪ್ರಯೋಗಶಾಲೆಯ ಉಪಕರಣ ಬಿಚ್ಚಿದಳು. ಗದರಿದಾಗ ತಪ್ಪೊಪ್ಪಿಕೊಂಡಳು. ಉಪಕರಣ ಆಮೇಲೆ ಸರಿಯಾಗಿ ಕೆಲಸ ಮಾಡಿತು." ಏನು ಕೆಟ್ಟಿತ್ತು, ಕೆಟ್ಟಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು, ಬಿಚ್ಚಿ ಏನು ಮಾಡಿದೆ, ಇಷ್ಟನ್ನ ನಿನ್ನದೇ ಮಾತಿನಲ್ಲಿ ಬರೆದು ಏಪ್ರಿಲ್ ಇಪ್ಪತ್ತರೊಳಗೆ ಕಳಿಸಬೇಕಂತೆ. ಒಂದು ಜಾಗ ಇನ್ನೂ ಖಾಲಿ ಇದೆಯಂತೆ. ಫ್ಯಾಕ್ಸ್ ನಂಬರ್ ಕೊಟ್ಟಿದ್ದಾಳೆ. ನಿಮ್ಮ ದೊಡ್ಡ ಅಂಚೆ ಕಚೇರಿಯಲ್ಲಿ ಫ್ಯಾಕ್ಸ್ ಇದೆ ಅಂತ ಅಪ್ಪ ವಿಚಾರಿಸಿದ್ದಾರೆ.

ನನಗೆ ಆ ದಿನ ಚೆನ್ನಾಗಿ ನೆನಪಿದೆ. ನೀನು ಕರವಸ್ತ್ರದಲ್ಲಿ ನಾಲ್ಕು ತಿರುಪು ಮೊಳೆ ಗಂಟು ಹಾಕ್ಕೊಂಡು ಮನೆಗೆ ಬಂದಿದ್ದೆ. ಬೆಳಕು ಅಳೆಯೋ ಆ ಸ್ಪೆಕ್ಟ್ರೋಮೀಟರ್ ತಪ್ಪು ತೋರಿಸ್ತಿದೆ, ವರ್ಷಾನುಗಟ್ಟಲೆಯಿಂದ ಎಲ್ಲರೂ ಪುಸ್ತಕದ ಉತ್ತರ ನೋಡಿ ಲೆಕ್ಕ ತಿದ್ದಿ ಪಾಸಾಗ್ತಿದ್ದಾರೆ ಅಂದೆ. ಅಪ್ಪ ಅನ್ನದ ತಟ್ಟೆ ಮುಂದೆಯೇ ಕೇಳಿದರು, ಯಾರೋ ಒರೆಸೋಕೆ ತೆಗೆದು ಮಸೂರ ತಿರುಗುಮುರುಗಾಗಿ ಕೂರಿಸಿರಬೇಕು, ನೋಡಿದೆಯಾ ಅಂತ. ನೀನು ಊಟ ಬಿಟ್ಟು ಎದ್ದು ನಿಂತೆ. ಮಾರನೇ ದಿನ ಬೆಳಿಗ್ಗೆಯೇ ಹೋಗಿ ಅದನ್ನ ತಿರುಗಿಸಿ ಕೂರಿಸಿದೆ. ಮೇಷ್ಟ್ರು ಕಾಲೇಜಿಗೇ ಕೇಳೋ ಹಾಗೆ ಬೈದರು, ಸಂಜೆ ಬಂದು ನೀನು ಅತ್ತೆ. ನಾನೇನು ಮಾಡಿದೆ ಗೊತ್ತಾ? "ಇನ್ನೊಬ್ಬರ ಸಾಮಾನಿಗೆ ಕೈ ಹಾಕಬಾರದು ಅಂತ ಎಷ್ಟು ಸಲ ಹೇಳಿದ್ದೀನಿ" ಅಂತ ಇನ್ನೆರಡು ಬಿಟ್ಟೆ. ಅದನ್ನೆಲ್ಲ ಬರಿ. ನನ್ನ ಬೈಗುಳ ಬೇಕಾದ್ರೆ ಬಿಡು.

ಮೇಷ್ಟ್ರ ಕಾಗದದ ಬಗ್ಗೆ ಅವಳು ಏನೋ ಅಂದಿದ್ದಾಳೆ ಅಂತ ತಲೆ ಕೆಡಿಸ್ಕೋಬೇಡ. ಅಲ್ಲಿನವರ ರೀತಿಯೇ ಬೇರೆ.

ಅಪ್ಪನಿಗೆ ಹೋಟೆಲಿನಲ್ಲಿ ಹೊಟ್ಟೆ ತುಂಬ ಊಟ ಮಾಡಿಸು, ಬಸ್ಸಿನಲ್ಲಿ ಏನೂ ತಿನ್ನಲ್ಲ ಅವರು. ನಿನ್ನ ಎರಡನೇ ಜೊತೆ ಕನ್ನಡಕವೂ ಅವರ ಹತ್ತಿರ ಇದೆ. ನಿನಗೆ ಒಳ್ಳೆಯದಾಗಲಿ. ನೀನು ಎಲ್ಲಿ ಹೋದ್ರೂ ಬೆಳಕು ನಿನ್ನ ಮುಂದೆ ಇರಲಿ, ನನ್ನ ಆಯಸ್ಸೂ ಸೇರಿ ನಿನಗಿರಲಿ.

ನಿನ್ನ,
ಅಮ್ಮ

ತಾ.ಕ.: ಸಹಿ ಹಾಕಿ, ಮಡಿಸಿ, ಲಕೋಟೆಗೆ ಹಾಕಿ, ಮತ್ತೆ ಹೊರಗೆ ತೆಗೆದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ. ಅಪ್ಪ ಬೂಟು ಒರೆಸ್ತಾ ಹೊರಗೆ ಕೂತಿದ್ದಾರೆ.

ಅಳಿಲಿನ ಕಾಗದ ನಿನ್ನೆ ಬಂದಿದ್ದಲ್ಲ. ಬಂದು ಒಂಬತ್ತು ದಿನ ಆಯ್ತು. ಆಫೀಸಿನ ಟೈಪ್ ಮಶೀನಿನ ಮೇಜಿನ ಡ್ರಾಯರಿನಲ್ಲಿ, ರಿಬ್ಬನ್ ಡಬ್ಬಿಯ ಕೆಳಗೆ ಇಟ್ಟಿದ್ದೆ. ದಿನಾ ತೆಗೆದು ಓದ್ತಿದ್ದೆ, ಇಡ್ತಿದ್ದೆ. ಇಪ್ಪತ್ತನೇ ತಾರೀಕು ತಾನಾಗಿಯೇ ದಾಟಿಹೋದ್ರೆ ಯಾರೂ ಏನೂ ಮಾಡಿದ ಹಾಗಾಗಲ್ಲ ಅಂತ ಕಾಯ್ತಿದ್ದೆ. ಇವತ್ತು ಬೆಳಿಗ್ಗೆ ಅಪ್ಪ ಆಫೀಸಿಗೆ ಬಂದವರು ಗೋಂದು ಹುಡುಕ್ತಾ ಡ್ರಾಯರ್ ಎಳೆದರು. ಲಕೋಟೆ ಸಿಕ್ತು. ಮೇಲಿನ ನಮ್ಮೂರ ಅಂಚೆ ಮುದ್ರೆಯನ್ನ ಹಣೆ ಮೇಲಿದ್ದ ಕನ್ನಡಕ ಇಳಿಸಿ ನೋಡಿದರು. "ಇದು ಯಾವಾಗ ಬಂತು?" ಅಂದರು. ನಿನ್ನೆ ಅಂದೆ. ಮುದ್ರೆ ನೋಡಿದ ಮೇಲೂ ಅವರು ಕೇಳಿದ್ದು ಅಷ್ಟೇ, ನಾನು ಹೇಳಿದ್ದೂ ಅಷ್ಟೇ. "ಸರಿ, ಮಧ್ಯಾಹ್ನದ ಬಸ್ಸಿಗೆ ನಾನೇ ಹೋಗಿ ಕೊಟ್ಟು ಬರ್ತೀನಿ" ಅಂದು ಮೆಟ್ಟಿಲಿಳಿದು ಹೋದರು. ಅವರಿಗೆ ಎಷ್ಟು ಗೊತ್ತಾಗಿದೆಯೋ ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ.

ಇನ್ನು ದೊಡ್ಡದು. ನಿನ್ನ ಕಾಗದಕ್ಕೆ ಇಸ್ತ್ರಿ ಹಾಕಲಿಲ್ಲ.

ಕೋರ್ಟಿನ ಊಟದ ಬಿಡುವಿನಲ್ಲಿ ಕೂತು ಶುರು ಮಾಡಿದ್ದೆ. ಮೊದಲ ಹಾಳೆಯಲ್ಲಿ ಆರು ಸಾಲು ಚೆನ್ನಾಗಿಯೇ ಹಾಕಿದೆ. ಆ ಹಾಳೆ ಹರಿದಿಲ್ಲ, ಇದರ ಜೊತೆ ಇದೆ. ಅದರಲ್ಲಿ ನೀನು 'ಯಾರೂ ಗುರುತಿಸದ ದೋಷವನ್ನು ತಾನಾಗಿ ಕಂಡುಹಿಡಿದು ಸರಿಪಡಿಸಿದವಳು'. ಆಮೇಲೆ ಮೇಷ್ಟ್ರ ಮುಂದಿನ ಸಾಲು ಬಂತು, 'ತಾಯಿಯ ಮಾತು ಮೀರುವವಳಲ್ಲ.' ಮಶೀನಿನ ಮೇಲೆ ಕೈ ನಿಂತುಬಿಡ್ತು. ಅದನ್ನ ಏನಂತ ಇಸ್ತ್ರಿ ಮಾಡಬೇಕು ಅಂತ ನನಗೆ ಚೆನ್ನಾಗಿ ಗೊತ್ತು, ಎಷ್ಟು ಜನರ ಮಕ್ಕಳಿಗೆ ಮಾಡಿಲ್ಲ? ಆದರೆ ಆ ಸಾಲು ನಿಜವಾಗಿರಲಿ ಅಂತ ಅನ್ನಿಸಿಬಿಡ್ತು ಮಗಳೇ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ ನೀನು ಕಣ್ಣಿಗೆ ಬಂದೆ. ಹಾಳೆ ಎಳೆದು ಹೊಸದು ಹಾಕಿದೆ. ಶುರುವಿನಿಂದ, ಒಂದಕ್ಕೊಂದು, ಇದ್ದದ್ದು ಇದ್ದ ಹಾಗೆ ಹೊಡೆದೆ. 'ವಿಧೇಯಳು' ಅಂದ್ರೆ ವಿಧೇಯಳು. 'ಅಪ್ಪಣೆಯಿಲ್ಲದೆ' ಅಂದ್ರೆ ಅಪ್ಪಣೆಯಿಲ್ಲದೆ. ಒಂದು ತಪ್ಪು ಹುಡುಕೋಕೆ ಆಗಲ್ಲ ಅದರಲ್ಲಿ. ಯಾವ ಕೋರ್ಟಿನಲ್ಲಿಟ್ಟರೂ ನಿಲ್ಲುತ್ತೆ. ನಾನು ಸುಳ್ಳು ಹೇಳಿಲ್ಲವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಏಳು ಸಲ ಮುದ್ರೆ ಒತ್ತಿದೆ. ಏಳರಲ್ಲಿ ಯಾವ ಸಲ ಬೇಕಾದ್ರೂ ನಿಲ್ಲಿಸಬಹುದಿತ್ತು.

ಮೊದಲನೇ ತೆಳು ಲಕೋಟೆ ಬಂದ ದಿನ ನಾನು ಹೊಟ್ಟೆ ತುಂಬ ಉಂಡೆ. ಇದನ್ನೂ ತಿಳ್ಕೋ. ನೀನು 'ಬುದ್ಧಿವಂತೆ ಅಲ್ಲವೇನೋ' ಅಂತ ಬರೆದ ಮೇಲೆ ತುತ್ತು ಇಳೀತಿಲ್ಲ. ನೀನು ಹೋಗದೆ ಉಳಿಯಲಿ ಅಂತ ಮಾತ್ರ ಬೇಡಿದ್ದೆ ನಾನು, ನೀನು ನಿನ್ನನ್ನೇ ಕೀಳು ಅಂದ್ಕೋತೀಯ ಅಂತ ನನ್ನ ಮಂಡೆಗೆ ಹೊಳೀಲಿಲ್ಲ. ಆ ಆರು ಕಡೆಯವರು ನೋಡಿದ್ದು ನಿನ್ನನ್ನಲ್ಲ, ನನ್ನ ಹೆದರಿಕೆಯನ್ನ. ಬೇಲಿಯೇ ಎದ್ದು ಹೊಲ ಮೇಯ್ತು. ಉದ್ದಜಡೆಯ ಕಾಗದ, ನಿನ್ನ ಕಾಗದ, ಎರಡರ ಪ್ರತಿಯನ್ನೂ ಫೈಲಿನಿಂದ ತೆಗೆದು ಇದರ ಜೊತೆ ಇಟ್ಟಿದ್ದೀನಿ. ಅವಳದ್ದನ್ನ ತೋರಿಸೋದು ಕಸುಬಿಗೆ ದ್ರೋಹ, ಆಗಲಿ. ಮೇಷ್ಟ್ರು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದಾರೆ, ಅಕ್ಕಪಕ್ಕ ಇಟ್ಟು ನೋಡು, ನಿನ್ನ ಕಣ್ಣಿಗೆ ಬೇರೆ ಸಾಕ್ಷಿ ಬೇಡ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ಬಸ್ಸು ಹೊರಟ ಮೇಲೆ ಅವರ ಮನೆಗೆ ಹೋಗ್ತೀನಿ. ಹೋದೆನೋ ಇಲ್ಲವೋ ಅಂತ ನೀನೇ ಅವರನ್ನ ಕೇಳಿ ತಿಳ್ಕೋ, ನನ್ನ ಮಾತು ನಂಬಬೇಡ.

ಆ ಪ್ರೊಫೆಸರಮ್ಮನಿಗೆ ಹಿಡಿಸಿದ ಸಾಲು ನಾನು ಇಸ್ತ್ರಿ ಹಾಕದ್ದೇ ಅಂತ ನೀನು ನನಗೆ ಸಮಾಧಾನ ಹೇಳೋಕೆ ಬರ್ತೀಯ, ಗೊತ್ತು. ಬೇಡ. ಅದು ಅವಳ ಒಳ್ಳೇತನ.

ಉತ್ತರ ಇವತ್ತೇ ಕೂತು ಬರಿ. ಅಲ್ಲೇ ಯಾರ ಹತ್ತಿರವಾದ್ರೂ ಟೈಪ್ ಮಾಡಿಸು, ನಾಳೆ ಬೆಳಿಗ್ಗೆಯೇ ಫ್ಯಾಕ್ಸ್ ಮಾಡು. ತಿದ್ದೋಕೆ, ಒಂದು ಸಲ ಕಣ್ಣಾಡಿಸೋಕೆ ಅಂತ ಕೂಡ ಅಪ್ಪನ ಕೈಯಲ್ಲಿ ನನಗೆ ವಾಪಸ್ ಕಳಿಸಬೇಡ. ಇಷ್ಟೆಲ್ಲ ಬರೆದ ಮೇಲೂ ನನ್ನ ಹೆದರಿಕೆ ಒಂದಿಷ್ಟೂ ಇಳಿದಿಲ್ಲ. ಆ ಉತ್ತರ ನನ್ನ ಕೈಗೆ ಬಂದ್ರೆ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ.